ಬಲಗಾಲಿನ ಇಪ್ಪತ್ತು ಅಂಕ

ನನಗೆ ಸೂಜಿ ಹಾಕಲು ಬರುವುದಿಲ್ಲ ಎಂಬ ಸಂಗತಿ ನನ್ನ ಗಮನಕ್ಕೆ ಬಂದದ್ದು ಅರವತ್ತೊಂದನೇ ವಯಸ್ಸಿನಲ್ಲಿ. ಅಷ್ಟರೊಳಗೆ ನಾನು ಇಪ್ಪತ್ತಾರು ವರ್ಷ ಅಕ್ಯುಪಂಕ್ಚರ್ ಮಾಡಿ ಮುಗಿಸಿದ್ದೆ. ಸಕಲೇಶಪುರದ ನನ್ನ ಕೋಣೆಯಲ್ಲಿ ವಾರಕ್ಕೆ ನಾಲ್ಕು ದಿನ, ಮಂಗಳವಾರ ಹೆತ್ತೂರಿನಲ್ಲಿ, ಶುಕ್ರವಾರ ಆಲೂರು ಕಡೆಯ ಪಾಳ್ಯದಲ್ಲಿ. ಕತ್ತು ತಿರುಗದವರು, ಸೊಂಟ ಹಿಡಿದುಕೊಂಡವರು, ಮಂಡಿ ಮಡಚಲಾಗದೆ ನಿಂತೇ ಊಟ ಮಾಡುವವರು, ಕಾಫಿ ಕುಯ್ದು ಕುಯ್ದು ತೋಳು ಮೇಲೆತ್ತಲಾಗದವರು, ಇವರೆಲ್ಲರನ್ನೂ ಮಲಗಿಸಿ ಚುಚ್ಚಿದ್ದೇನೆ. ಎದ್ದು ಹೋಗುವಾಗ ಅವರಲ್ಲಿ ಒಬ್ಬರಾದರೂ "ನಿಮಗೆ ಬರುವುದಿಲ್ಲ" ಎಂದು ಹೇಳಿದ್ದರೆ ಇಷ್ಟು ವರ್ಷ ವ್ಯರ್ಥವಾಗುತ್ತಿರಲಿಲ್ಲ. ಜನರ ದಾಕ್ಷಿಣ್ಯ ದೊಡ್ಡದು.

ಸಂಗತಿಯನ್ನು ತಿಳಿಸಿದ್ದು ಒಂದು ಕಾಗದ. ಅದನ್ನು ತಂದವರು ತಾಲ್ಲೂಕು ಕಚೇರಿಯ ಕಡೆಯ ಒಬ್ಬ ಆರೋಗ್ಯ ನಿರೀಕ್ಷಕರು. ಬುಧವಾರ ಬುಧವಾರ ತಮ್ಮ ಕತ್ತುನೋವಿಗೆ ನನ್ನ ಹತ್ತಿರವೇ ಬರುತ್ತಿದ್ದ ಮನುಷ್ಯ. ಅಂದೂ ಬಂದು, ಅಂಗಿ ಕಳಚಿ, ಬೋರಲು ಮಲಗಿ, ಸೂಜಿಗಳೆಲ್ಲ ಕತ್ತಿಗೆ ಇಳಿದ ಮೇಲೆ ದಿಂಬಿನೊಳಗಿಂದ ಮಾತಾಡಿದರು.

"ಮೇಡಂ, ನಿಮಗೊಂದು ಕಾಗದ ಐತೆ. ಸೂಜಿ ತೆಗೆದ್ಮೇಲೆ ಕೊಡ್ತೀನಿ."

"ಈಗಲೇ ಕೊಡಿ, ಓದ್ತಾ ಇರ್ತೀನಿ."

"ಬ್ಯಾಡ ಮೇಡಂ. ಕತ್ತಲ್ಲಿ ಇನ್ನೂ ಆರು ಅವೆ."

ಸರ್ಕಾರಿ ನೌಕರರಿಗೆ ಮುಂದಾಲೋಚನೆ ಇಲ್ಲ ಎನ್ನುವವರು ಇವರನ್ನು ನೋಡಬೇಕಿತ್ತು. ಇಪ್ಪತ್ತು ನಿಮಿಷ ಕಳೆದು, ಆರೂ ಸೂಜಿ ಹೊರಬಂದು, ಅಂಗಿಯ ಗುಂಡಿ ಹಾಕಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತ ಮೇಲೆ ಕಾಗದ ಕೊಟ್ಟರು. ಹೊಸದಾಗಿ ರಚನೆಯಾದ ಒಂದು ಮಂಡಳಿಯಿಂದ ಬಂದದ್ದು. ಅಕ್ಯುಪಂಕ್ಚರ್ ಮಾಡುವವರು ಎಷ್ಟೇ ವರ್ಷದ ಅನುಭವ ಉಳ್ಳವರಾಗಿದ್ದರೂ ಮಂಡಳಿ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆಯತಕ್ಕದ್ದು. ಜುಲೈ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಆಗಸ್ಟ್ ಒಂದರಿಂದ ಸೂಜಿ ಬಳಸತಕ್ಕದ್ದಲ್ಲ. ಬಳಸಿದರೆ ಕೋಣೆಗೆ ಬೀಗ.

"ನಾನ್ ಬರ್ದಿದ್ದಲ್ಲ ಮೇಡಂ. ಮೇಲಿಂದ ಬಂದಿದ್ದು. ನಾನು ಬರೀ ತಂದ್ಕೊಟ್ಟೋನು."

"ಆಯ್ತು."

"ಮುಂದಿನ ಬುಧವಾರ ಬರ್ಲಾ?"

"ಕಾಗದ ಓದಿದೀರಾ?"

"ಆಗಸ್ಟ್‌ಗಂಟ ಟೈಮ್ ಐತಲ್ಲ," ಎಂದು ಇಳಿದು ಹೋದರು.

ಪರೀಕ್ಷೆ ಇರಬಾರದು ಎಂದು ನಾನು ಹೇಳುತ್ತಿಲ್ಲ. ಹದಿನೈದು ದಿನದ ಶಿಬಿರ ಮುಗಿಸಿ, ಗೋಡೆಗೆ ಮನುಷ್ಯನ ಚಿತ್ರ ಅಂಟಿಸಿಕೊಂಡು, ಕಂಡವರ ಬೆನ್ನಿಗೆ ಚುಚ್ಚುವವರು ಈ ಘಟ್ಟದ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಅವರಿಗೆ ಪರೀಕ್ಷೆ ಒಂದಲ್ಲ, ಮೂರು ಇಡಲಿ. ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಅದು ಏನನ್ನು ಪರೀಕ್ಷಿಸಿತು ಎಂಬುದರ ಮೇಲೆ.

ನಾನು ಕಲಿತದ್ದು ಹೇಗೆಂದು ಹೇಳಿಬಿಡುತ್ತೇನೆ. ಹೆತ್ತೂರಿನ ಹತ್ತಿರ ಒಂದು ದೊಡ್ಡ ಎಸ್ಟೇಟಿನ ಔಷಧಿ ಕೋಣೆಯಲ್ಲಿ ನಾನು ನರ್ಸಾಗಿದ್ದೆ. ನನ್ನ ಗಂಡ ಅದೇ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು ಅವರ ಉದ್ಯೋಗ. ನಿವೃತ್ತಿಯಾಗಿ ಬಂದು ಪಕ್ಕದ ತೋಟದಲ್ಲಿ ನೆಲೆಸಿದ್ದ ಒಬ್ಬ ವೈದ್ಯರು ಸೂಜಿ ಚಿಕಿತ್ಸೆ ಬಲ್ಲವರಾಗಿದ್ದರು. ಅವರು ಭಾನುವಾರಗಳಂದು ನನಗೆ ನಾಲ್ಕು ವರ್ಷ ಪಾಠ ಹೇಳಿದರು. ಮೊದಲ ಮೂರು ತಿಂಗಳು ಸೀಬೆಕಾಯಿಗೆ ಚುಚ್ಚಿಸಿದರು. ಆಮೇಲೆ ನನ್ನ ಸ್ವಂತ ತೊಡೆಗೆ. "ನಿನಗೆ ನೋವಾಗದ ಹಾಗೆ ಚುಚ್ಚೋಕೆ ಬರೋತನಕ ಇನ್ನೊಬ್ಬರ ಮೈ ಮುಟ್ಟಬೇಡ" ಎಂದರು. ನನ್ನ ತೊಡೆಯ ಮೇಲೆ ಪರೀಕ್ಷೆ ಆರು ತಿಂಗಳು ನಡೆಯಿತು. ಮೌಲ್ಯಮಾಪನ ಬಹಳ ಬಿಗಿಯಾಗಿತ್ತು.

ಅವರು ಕಲಿಸಿದ ಒಂದು ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಕೆಲಸ ಮಾಡುವವರ ಕಾಲಿಗೆ, ಆ ಜಾಗ ಪೂರ್ತಿ ಶುಭ್ರವಾಗಿದ್ದ ಹೊರತು, ಸೂಜಿ ಹಾಕುವಂತಿಲ್ಲ. ಕಾರಣ ಇಂಬಳ. ಕಾಡಿನ ನೆಲದಿಂದ, ಎಲೆಯ ತುದಿಯಿಂದ ಹತ್ತುವ ಈ ಸಣ್ಣ ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ನವೆ ಬೇಗ ನಿಲ್ಲುವುದಿಲ್ಲ, ಕೆರೆದ ಮೇಲಂತೂ ಹೇಳುವುದೇ ಬೇಡ. ಜೊತೆಗೆ ಇಡೀ ದಿನ ಗಂಬೂಟಿನೊಳಗೆ ಬೆಂದ ಚರ್ಮ. ಹಾಗಾಗಿ ಮಳೆಗಾಲದಲ್ಲಿ ನಾವು ಕಾಲಿನ ಕೆಲಸವನ್ನು ಕೈಯಿಂದ ಮಾಡಿಸುತ್ತೇವೆ. ಮಂಡಿ ನೋವಿಗೆ ಮೊಣಕೈಯ ಸುತ್ತ ಬಿಂದುಗಳಿವೆ, ಕಿವಿಯ ಮೇಲಿವೆ. ಸ್ವಲ್ಪ ನಿಧಾನ, ಆದರೆ ಆಗುತ್ತದೆ.

ನಾನು ಈ ನಿಯಮವನ್ನು ಒಂದೇ ಒಂದು ಸಲ ಮೀರಿದ್ದೇನೆ. ಎರಡನೇ ವರ್ಷ, ಒಂದು ಜುಲೈಯಲ್ಲಿ, ನನ್ನ ಕೈಯ ಮೇಲೆ ನನಗೆ ಬಹಳ ಗೌರವ ಹುಟ್ಟಿದ್ದ ಕಾಲ. ಮರ ಹತ್ತಿ ಕೊಂಬೆ ಕಡಿಯುವ ಒಬ್ಬ ಆಳಿಗೆ, ಇಂಬಳ ಕಚ್ಚಿದ ಗುರುತಿನ ಅಂಚಿನಲ್ಲೇ ಸೂಜಿ ಹಾಕಿದೆ. ಐದನೇ ದಿನ ಕಾಲು ಕುಂಬಳಕಾಯಿಯಾಯಿತು. ಹಾಸನದ ಆಸ್ಪತ್ರೆಯಲ್ಲಿ ಕೀವು ತೆಗೆದರು. ಕಾಲು ಉಳಿಯಿತು. ಆತ ನನ್ನನ್ನು ಬೈಯಲಿಲ್ಲ, "ನನ್ ಗ್ರಾಚಾರ ಕಣಕ್ಕ" ಎಂದ. ಅದನ್ನು ಕೇಳಿಸಿಕೊಂಡು ನಿಂತ ಆ ಎರಡು ನಿಮಿಷಗಳು ಇವತ್ತಿಗೂ ನನ್ನ ಅತ್ಯುನ್ನತ ಶಿಕ್ಷಣ.

ಇರಲಿ. ಪರೀಕ್ಷೆಗೆ ಕಟ್ಟಿದೆ. ಮಂಡಳಿ ಸೂಚಿಸಿದ ಪುಸ್ತಕ ತರಿಸಿದೆ. ಮುನ್ನೂರ ಅರವತ್ತೊಂದು ಬಿಂದುಗಳು, ಪ್ರತಿಯೊಂದಕ್ಕೂ ಚೀನೀ ಹೆಸರು, ಅದು ಬರುವ ನಾಡಿ, ಆ ನಾಡಿಯಲ್ಲಿ ಒಂದು ಸಂಖ್ಯೆ, ಒಂದು ವಿಳಾಸ. ನನ್ನ ಬೆರಳಿಗೆ ಅವೆಲ್ಲ ಗೊತ್ತು, ಆದರೆ ಬೆರಳಿಗೆ ಅಕ್ಷರ ಬರುವುದಿಲ್ಲ. ಆದ್ದರಿಂದ ಸಂಜೆ ನನ್ನ ಗಂಡ ಪುಸ್ತಕ ಹಿಡಿದು ಕೂರುತ್ತಿದ್ದರು. ಮೂವತ್ತು ವರ್ಷ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಅವರ ಹೆಸರು ಕೂಗಿದ ಗಂಟಲು. ಬಿಂದುಗಳನ್ನೂ ಹಾಗೆಯೇ ಕೂಗುತ್ತಿತ್ತು.

"ಹೊಟ್ಟೆ ನಾಡಿ, ಮೂವತ್ತಾರು."

"ಮಂಡಿಚಿಪ್ಪಿನ ಕೆಳಗಿನ ಹೊರಗುಳಿಯಿಂದ ನಾಲ್ಕು ಬೆರಳು ಕೆಳಗೆ, ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ."

"ಹಾಜರ್. ಮೂವತ್ತೇಳು."

"ಅದರಿಂದ ಇನ್ನೂ ನಾಲ್ಕು ಬೆರಳು ಕೆಳಗೆ."

"ಹಾಜರ್. ಮೂತ್ರಕೋಶ ನಾಡಿ, ಐವತ್ತೆಂಟು. ಎಲ್ಲಿ ಐವತ್ತೆಂಟು? ಲೇ, ಐವತ್ತೆಂಟು ಬಂದಿಲ್ವಾ ಇವತ್ತು?"

"ಮೀನಖಂಡದಲ್ಲಿ ಎಲ್ಲೋ ಇದೆ, ಇರ್ರೀ."

"ಎಲ್ಲೋ ಇದೆ ಅಂದ್ರೆ ಅರ್ಧ ಹಾಜರಿ ಕಣೇ. ಹೋಗು, ಹುಡ್ಕೊಂಡ್ ಬಾ."

ಹೀಗೆ ಎರಡು ತಿಂಗಳು ನಮ್ಮ ಮನೆಯಲ್ಲಿ ಬಿಂದುಗಳು ಸಾಲುಗಟ್ಟಿ ನಿಂತು ಹಾಜರಿ ಕೊಟ್ಟವು. ಜೂನ್ ಹೊತ್ತಿಗೆ ಗೈರುಹಾಜರಿ ಬಹಳ ಕಡಿಮೆಯಾಗಿತ್ತು.

ಆಮೇಲೆ ಬಂದದ್ದು ಅರ್ಜಿ ನಮೂನೆಯ ಎರಡನೇ ಭಾಗ. ಪ್ರಾಯೋಗಿಕ ಪರೀಕ್ಷೆಗೆ ಪ್ರತಿ ಅಭ್ಯರ್ಥಿಯೂ ತನ್ನದೇ ಒಬ್ಬ "ಮಾದರಿ ವ್ಯಕ್ತಿ"ಯನ್ನು ಕರೆತರತಕ್ಕದ್ದು. ಆ ವ್ಯಕ್ತಿ ಪೂರ್ಣ ಆರೋಗ್ಯವಂತನಾಗಿರತಕ್ಕದ್ದು. ಪೂರ್ಣ ಆರೋಗ್ಯವಂತರಾದ ಮನುಷ್ಯರು ಎಲ್ಲಿ ಸಿಗುತ್ತಾರೆಂದು ನನಗೆ ಹೇಗೆ ಗೊತ್ತಿರಬೇಕು? ಇಪ್ಪತ್ತಾರು ವರ್ಷದಿಂದ ನನ್ನ ಕೋಣೆಗೆ ಅಂಥವರು ಒಬ್ಬರೂ ಬಂದಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ. ಪಕ್ಕದ ಮನೆಯಾಕೆಗೆ ರಕ್ತದೊತ್ತಡ. ಎದುರುಮನೆಯವರಿಗೆ ಏನೂ ಇಲ್ಲ, ಆದರೆ ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತದೆ.

ಕೊನೆಗೆ ಒಪ್ಪಿದವಳು ನಮ್ಮ ಹಳೆಯ ಎಸ್ಟೇಟಿನ ಲೈನಿನಲ್ಲಿರುವ ಒಬ್ಬ ಹೆಂಗಸು. ವಯಸ್ಸು ನಲವತ್ತೈದರ ಆಚೀಚೆ. ಕಾಫಿ ಕುಯ್ಯುವುದರಲ್ಲಿ ಇಡೀ ಎಸ್ಟೇಟಿಗೆ ಮುಂದು. ಹಿಂದಿನ ವರ್ಷ ಅವಳ ಬಲದೋಳು ಹಿಡಿದುಕೊಂಡಿತ್ತು. ನನ್ನ ಕೈಯಲ್ಲಿ ಮುಕ್ಕಾಲು ವಾಸಿಯಾಗಿ, ಇನ್ನು ಕಾಲು ಬಾಕಿ ಇತ್ತು. ಆ ಕಾಲು ಭಾಗವನ್ನು ನವೆಂಬರ್ ಕುಯ್ಲಿನೊಳಗೆ ಮುಗಿಸಬೇಕೆಂದು ಇಬ್ಬರೂ ಲೆಕ್ಕ ಹಾಕಿಕೊಂಡಿದ್ದೆವು.

"ತೋಳು ನೋವು ಐತೆ ಅಂತ ಬರೀಬೇಕಾಗ್ತದೆ," ಎಂದೆ.

"ನೋವು ಎಲ್ಲೈತೆ ಅಮ್ಮೋರೆ? ಎತ್ತಿದ್ರೆ ಮಾತ್ರ. ಅವ್ರೇನು ಅಲ್ಲಿ ನನ್ ಕೈಲಿ ಕಾಫಿ ಕುಯ್ಸ್ತಾರಾ? ಏನೂ ಇಲ್ಲ ಅಂತ ಬರ್ಕಳಿ."

ನಮೂನೆಯನ್ನು ಒಂದೊಂದಾಗಿ ಓದಿ ಹೇಳಿದೆ. ಹೃದ್ರೋಗ? ಇಲ್ಲ. ಮೂರ್ಛೆ? ಇಲ್ಲ. ಚರ್ಮದ ಮೇಲೆ ಗಾಯ, ಹುಣ್ಣು, ಸೋಂಕು?

"ಇಲ್ಲ," ಎಂದಳು.

"ಇಲ್ಲ," ಎಂದು ನಾನೂ ಬರೆದೆ. ಕೆಳಗೆ ಅವಳ ಸಹಿ, ನನ್ನ ಸಹಿ.

ಅವಳು ಬೆಂಚಿನ ಮೇಲೆ ಕೂತಿದ್ದಳು. ಪಾದದ ಹತ್ತಿರ ಹಳೆಯ ಇಂಬಳದ ಗುರುತುಗಳು ಐದಾರು ಕಾಣುತ್ತಿದ್ದವು. ನಾನು ನೋಡಿದೆ, ಅವಳೂ ನೋಡಿದಳು. ಗಾಯ ಎಂಬ ಮಾತಿನಡಿ ಇಂಬಳ ಬರುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಕಡೆ ಯಾವ ಹೆಂಗಸೂ ಇಂಬಳ ಕಚ್ಚಿತೆಂದು ರಜೆ ಕೇಳಿಲ್ಲ, ಯಾವ ತಾಯಿಯೂ ಅದಕ್ಕೆ ಮುಲಾಮು ಹಚ್ಚಿಲ್ಲ. ಕಿತ್ತು ಬಿಸಾಕಿ, ಚಿಟಿಕೆ ಸುಣ್ಣ ಒತ್ತಿ, ಮುಂದಿನ ಗಿಡಕ್ಕೆ ಹೋಗುತ್ತಾರೆ. ಅದು ಗಾಯವಲ್ಲ. ಹಾಗೆಂದು ಅಲ್ಲಿಗೆ ಸೂಜಿಯನ್ನೂ ಹಾಕುವುದಿಲ್ಲ. ಈ ಎರಡೂ ಮಾತು ಒಟ್ಟಿಗೆ ನಿಲ್ಲಬಲ್ಲವು ಎಂದು ತಿಳಿಯಲು ನಮ್ಮ ಬೆಟ್ಟದಲ್ಲಿ ಒಂದು ಮಳೆಗಾಲ ಕಳೆದರೆ ಸಾಕು. ಆದರೆ ಅರ್ಜಿ ನಮೂನೆ ಇಲ್ಲಿ ಮಳೆಗಾಲ ಕಳೆದಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಮದುವೆಗೆ ಹೊರಟವಳ ಹಾಗೆ ರೇಷ್ಮೆ ಅಂಚಿನ ಸೀರೆ ಉಟ್ಟು, ಮಲ್ಲಿಗೆ ಮುಡಿದು ಸಕಲೇಶಪುರದ ಬಸ್ ನಿಲ್ದಾಣಕ್ಕೆ ಬಂದಳು. "ಮಾದರಿ ಅಂದ್ರಲ್ಲ, ಅದ್ಕೇ," ಎಂದಳು. ಹಾಸನದವರೆಗೆ ಕಿಟಕಿ ಪಕ್ಕ ಕೂತು, ಆಲೂರು ದಾಟಿದ ಮೇಲೆ ಮಳೆ ಕಡಿಮೆಯಾದದ್ದನ್ನು ನೋಡಿ, "ಇಲ್ಲಿ ಹುಟ್ಟಿದೋರು ಏನ್ ಪುಣ್ಯ ಮಾಡಿದ್ರೋ, ಬಟ್ಟೆ ಒಣಗ್ತವೆ," ಎಂದು ಹೇಳಿದ್ದು ಬಿಟ್ಟರೆ ಬೇರೆ ಆತಂಕವೇನೂ ಅವಳಿಗಿರಲಿಲ್ಲ. ಆತಂಕವೆಲ್ಲ ನನ್ನ ಪಾಲಿಗಿತ್ತು. ಚೀಲದಲ್ಲಿ ಎರಡು ಪೆನ್ನು, ಗುರುತಿನ ಚೀಟಿ, ಗಂಡ ಕಟ್ಟಿಕೊಟ್ಟ ಚಪಾತಿ. ಕೊನೆಯ ಸಲ ನಾನು ಪರೀಕ್ಷೆ ಬರೆದಾಗ ಪೆನ್ನಿಗೆ ಇಂಕು ತುಂಬಿಸುತ್ತಿದ್ದೆವು.

ಬೆಳಗಿನ ಲಿಖಿತ ಪರೀಕ್ಷೆ ಹಾಸನದ ಒಂದು ಬಾಡಿಗೆ ಸಭಾಂಗಣದಲ್ಲಿ. ನಲವತ್ತು ಜನರಿದ್ದೆವು. ನನ್ನ ಅಕ್ಕಪಕ್ಕದವರೆಲ್ಲ ನನಗೆ ಮೊಮ್ಮಕ್ಕಳಾಗದಿದ್ದರೂ ಮಕ್ಕಳಾಗಬಹುದಾದವರು. ಮೇಲ್ವಿಚಾರಕಿ ನನ್ನನ್ನು ನೋಡಿ, "ಮಗಳಿಗೆ ಕಾಯೋರೆಲ್ಲ ಹೊರಗಡೆ ಕೂರಬೇಕು ಆಂಟಿ," ಎಂದಳು. ಪ್ರವೇಶಪತ್ರ ತೋರಿಸಿದೆ. ಅದರ ಮೇಲಿನ ಫೋಟೋವನ್ನೂ ನನ್ನ ಮುಖವನ್ನೂ ಎರಡೆರಡು ಸಲ ಹೋಲಿಸಿ, ಇಬ್ಬರಿಗೂ ವಯಸ್ಸಾಗಿದೆ ಎಂದು ಖಚಿತಪಡಿಸಿಕೊಂಡು ಬಿಟ್ಟಳು.

ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದುದಕ್ಕೆ ಗುರುತು ಹಾಕಬೇಕು. ಕೆಲವು ಒಳ್ಳೆಯ ಪ್ರಶ್ನೆಗಳಿದ್ದವು, ಇಲ್ಲವೆನ್ನಲಾರೆ. ನನಗೆ ಇಂದಿಗೂ ನೆನಪಿರುವುದು ಅರವತ್ತೆರಡನೆಯದು. ಈ ಕೆಳಗಿನವುಗಳಲ್ಲಿ ಎಲ್ಲಿ ಸೂಜಿ ಹಾಕಬಾರದು? ಅ, ಆರೋಗ್ಯವಂತ ಸ್ನಾಯು. ಆ, ಒಡೆದ ಅಥವಾ ಸೋಂಕು ತಗುಲಿದ ಚರ್ಮ. ಇ, ಅಂಗೈ. ಈ, ಮೇಲಿನ ಯಾವುದೂ ಅಲ್ಲ. "ಆ" ಎಂದು ಗುರುತು ಹಾಕಿದೆ. ಮಂಡಳಿಗೂ ನನ್ನ ಗುರುಗಳಿಗೂ ಒಂದು ವಿಷಯದಲ್ಲಾದರೂ ಒಮ್ಮತವಿದೆಯಲ್ಲ ಎಂದು ಸಮಾಧಾನವಾಯಿತು.

ಮಧ್ಯಾಹ್ನ ಪ್ರಾಯೋಗಿಕ. ಐದು ಚೀಟಿ ಎತ್ತಬೇಕು. ಪ್ರತಿ ಚೀಟಿಯಲ್ಲೂ ಒಂದು ಬಿಂದು. ಅದನ್ನು ಮಾದರಿ ವ್ಯಕ್ತಿಯ ಮೈಮೇಲೆ ಗುರುತಿಸಿ ಸೂಜಿ ಹಾಕಬೇಕು. ಒಂದೊಂದಕ್ಕೆ ಇಪ್ಪತ್ತು ಅಂಕ, ಒಟ್ಟು ನೂರಕ್ಕೆ ಎಪ್ಪತ್ತು ಬಂದರೆ ತೇರ್ಗಡೆ. ಪರೀಕ್ಷಕರು ಬಯಲು ಸೀಮೆಯ ಯಾವುದೋ ದೊಡ್ಡ ಊರಿನವರು, ನಲವತ್ತರ ಸುಮಾರು, ಇಸ್ತ್ರಿ ಮಾಡಿದ ಬಿಳಿ ಕೋಟು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಅಂಕಪಟ್ಟಿ. ಕೆಟ್ಟವರೇನಲ್ಲ. ಮೊದಲ ನಾಲ್ಕು ಚೀಟಿ ಕೈ, ಬೆನ್ನು, ಕಿವಿ, ಮೊಣಕೈಗೆ ಬಂದವು. ನನ್ನ ಕೈ ನೋಡಿ ಎರಡು ಸಲ "ಗುಡ್" ಎಂದರು. ಮಾದರಿ ವ್ಯಕ್ತಿ ಒಂದು ಸಲವೂ ಮಿಸುಕಲಿಲ್ಲ, ಮಿಸುಕದಿದ್ದುದಕ್ಕೆ ತಾನೇ ಹೆಮ್ಮೆಪಟ್ಟುಕೊಂಡು ಸುತ್ತ ನೋಡಿದಳು.

ಐದನೇ ಚೀಟಿಯಲ್ಲಿ ಹೊಟ್ಟೆ ನಾಡಿ ಮೂವತ್ತಾರು, ಬಲಗಾಲು ಎಂದಿತ್ತು. ಮಂಡಿಯಿಂದ ನಾಲ್ಕು ಬೆರಳು ಕೆಳಗೆ. ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಬಿಂದು. ಅವಳು ಸೀರೆಯನ್ನು ಮಂಡಿಯವರೆಗೆ ಸರಿಸಿದಳು. ಅವಳದೇ ನಾಲ್ಕು ಬೆರಳು ಜೋಡಿಸಿ ಅಳೆದು, ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ ಸರಿದು, ನೋಡಿದೆ.

ಅಲ್ಲೇ ಕಚ್ಚಿತ್ತು. ಅತ್ತಿತ್ತ ಅಲ್ಲ, ಸರಿಯಾಗಿ ಅಲ್ಲೇ. ಮೂರು ಮೂಲೆಯ ಸಣ್ಣ ಗುರುತು, ಸುತ್ತ ಕೆಂಪು ಉಂಗುರ, ನಡುವೆ ಇನ್ನೂ ಹಸಿ.

"ಯಾವಾಗ್ಲೇ ಇದು?" ಎಂದು ಪಿಸುಗುಟ್ಟಿದೆ.

"ನಿನ್ನೆ ಸಂಜಿಕೆ. ಬ್ಯಾಡ ಅಂದ್ರೂ ಮೇಸ್ತ್ರಿ ಕಳೆ ತೆಗೆಯೋಕೆ ಕರೆದ್ಬುಟ್ಟ. ಬೂಟ್ ಮೇಲಿಂದ ಹತ್ತೈತೆ."

ಆಗ ನನಗೆ ತಿಳಿಯಿತು. ಗಂಬೂಟಿನ ಬಾಯಿ ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಈ ಬಿಂದು ಬರುತ್ತದೆ. ಜುಲೈ ತಿಂಗಳಲ್ಲಿ ಹೆತ್ತೂರಿನ ಯಾವ ತೋಟದಿಂದ ಯಾರನ್ನು ಕರೆತಂದಿದ್ದರೂ ಇಂಬಳ ನನಗಿಂತ ಮೊದಲೇ ಆ ಬಿಂದುವನ್ನು ಹುಡುಕಿ ಚುಚ್ಚಿರುತ್ತಿತ್ತು. ಅದಕ್ಕೆ ಪೂರ್ತಿ ಇಪ್ಪತ್ತು ಅಂಕ ಕೊಡಬಹುದಿತ್ತು.

ಪರೀಕ್ಷಕರು ಬಗ್ಗಿ ನೋಡಿದರು. "ಏನಿದು ಮೇಡಂ? ಸ್ಕಿನ್ ಡಿಸೀಸಾ?"

"ಇಂಬಳ ಕಚ್ಚಿದ್ದು ಸಾರ್."

"ಇಂಬಳ ಅಂದ್ರೆ?"

ಮಲಗಿದ್ದವಳೇ ಉತ್ತರ ಕೊಟ್ಟಳು. "ಜಿಗಣೆ ಕಣ್ರೀ ಸಾಮಿ. ಕಾಡಲ್ಲಿರ್ತದಲ್ಲ, ಅದು. ನಿಮ್ ಕಡೆ ಇಲ್ವಾ? ಪುಣ್ಯವಂತರು ಬುಡಿ."

"ಸಾರ್, ಎಡಗಾಲಲ್ಲಿ ಈ ಜಾಗ ಸರಿಯಾಗಿದೆ. ಅಲ್ಲಿ ಹಾಕಿ ತೋರಿಸ್ತೀನಿ."

"ಚೀಟಿಯಲ್ಲಿ ಬಲಗಾಲು ಅಂತಿದೆ."

"ಬಿಂದು ಎರಡೂ ಕಾಲಲ್ಲಿ ಒಂದೇ ಅಲ್ವಾ ಸಾರ್?"

"ಬಿಂದು ಒಂದೇ ಮೇಡಂ. ಚೀಟಿ ಬೇರೆ." ಅವರು ಹಾಳೆ ತಿರುಗಿಸಿ ನಮ್ಮ ಘೋಷಣಾಪತ್ರ ತೆಗೆದರು. "ಇಲ್ನೋಡಿ. ಚರ್ಮದ ಮೇಲೆ ಗಾಯ, ಇಲ್ಲ. ನಿಮ್ಮ ಸೈನು, ಅವರ ಸೈನು. ಇದು ಗಾಯ ಹೌದೋ ಅಲ್ವೋ?"

"ಗಾಯ ಅಂತೇನಲ್ಲ ಸಾರ್. ಕಚ್ಚಿದ ಗುರುತು."

"ಗಾಯ ಅಲ್ಲ ಅಂದ್ಮೇಲೆ ಸೂಜಿ ಹಾಕಿ."

"ಅಲ್ಲಿ ಹಾಕಬಾರದು ಸಾರ್. ಚರ್ಮ ಒಡೆದಿದೆ."

"ಒಡೆದಿದ್ರೆ ಅದು ಗಾಯ. ಹಾಗಾದ್ರೆ ನಿಮ್ಮ ಘೋಷಣೆ ಸುಳ್ಳು. ಸುಳ್ಳು ಘೋಷಣೆ ಅಂದ್ರೆ ಇಡೀ ಪ್ರಾಯೋಗಿಕ ರದ್ದು. ನಾನು ಅಷ್ಟು ದೂರ ಹೋಗಲ್ಲ. ಗಾಯ ಅಲ್ಲ ಅಂತಾನೇ ತಿಳ್ಕೊಳ್ತೀನಿ. ಸೂಜಿ ಹಾಕಿ, ಮುಗೀತು."

ಇದನ್ನು ಅವರು ಉಪಕಾರವೆಂದೇ ಹೇಳಿದರು. ಅವರ ಹಿಂದೆ ಇನ್ನೂ ಹನ್ನೊಂದು ಜನ ತಮ್ಮ ತಮ್ಮ ಆರೋಗ್ಯವಂತರೊಡನೆ ಕಾಯುತ್ತಿದ್ದರು.

"ಸಾರ್, ಬೆಳಿಗ್ಗೆ ಅರವತ್ತೆರಡನೇ ಪ್ರಶ್ನೆ ಇದೇ ಇತ್ತು. ಒಡೆದ ಚರ್ಮಕ್ಕೆ ಸೂಜಿ ಹಾಕಬಾರದು ಅಂತ ಗುರುತು ಹಾಕಿದೀನಿ."

"ಅದು ಥಿಯರಿ ಮೇಡಂ. ಇದು ಪ್ರಾಕ್ಟಿಕಲ್."

ಈ ವಾಕ್ಯವನ್ನು ನಾನು ಹಲವು ದಿನ ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಇದರಲ್ಲಿ ಏನೋ ಜ್ಞಾನ ಅಡಗಿರಬೇಕು, ನನಗೆ ಎಟುಕಿಲ್ಲ. ಬೆಳಿಗ್ಗೆ ಹತ್ತೂವರೆಗೆ ಮಾಡಬಾರದ ಕೆಲಸವನ್ನು ಮಧ್ಯಾಹ್ನ ಮೂರು ಗಂಟೆಗೆ ಮಾಡದಿದ್ದರೆ ಅಪರಾಧ. ಊಟದ ಬಿಡುವಿನಲ್ಲಿ ಮನುಷ್ಯನ ಚರ್ಮಕ್ಕೆ ಏನಾಯಿತೆಂದು ಮಂಡಳಿಯೇ ಹೇಳಬೇಕು.

ಮಲಗಿದ್ದವಳು ನನ್ನ ಸೆರಗು ಜಗ್ಗಿದಳು. "ಚುಚ್ಬುಡಿ ಅಮ್ಮೋರೆ. ಇಂಬಳಾನೇ ಕಚ್ಚೈತೆ, ನಿಮ್ ಸೂಜಿ ಏನ್ ಮಾಡ್ತೈತೆ ನಂಗೆ."

ಸೂಜಿ ನನ್ನ ಕೈಯಲ್ಲೇ ಇತ್ತು, ಪೊಟ್ಟಣ ಬಿಚ್ಚಿಯಾಗಿತ್ತು. ಎರಡು ಕ್ಷಣದ ಕೆಲಸ. ಅವಳು ಅಲುಗುತ್ತಿರಲಿಲ್ಲ. ಪರೀಕ್ಷಕರು "ಗುಡ್" ಎನ್ನುತ್ತಿದ್ದರು. ಬಹುಶಃ ಏನೂ ಆಗುತ್ತಲೂ ಇರಲಿಲ್ಲ. ಆದರೆ ಬಹುಶಃ ಎಂಬುದರ ಮೇಲೆ ಚುಚ್ಚಿ ಒಂದು ಕಾಲನ್ನು ಹಾಸನಕ್ಕೆ ಕಳಿಸಿದವಳು ನಾನು. ನನಗೆ ಪ್ರಮಾಣಪತ್ರ ಬೇಕಿತ್ತು, ಬಹಳ ಬೇಕಿತ್ತು. ಅದಿಲ್ಲದಿದ್ದರೆ ಆಗಸ್ಟಿನಿಂದ ನಾನು ಯಾರೂ ಅಲ್ಲ. ಆ ಪ್ರಮಾಣಪತ್ರಕ್ಕಾಗಿ ಕೇಳುತ್ತಿದ್ದುದು ಮಾತ್ರ ನಾನು ಯಾವ ಕಾರಣಕ್ಕೂ ಮಾಡಬಾರದೆಂದು ಕಲಿತ ಒಂದೇ ಒಂದು ಕೆಲಸವನ್ನು.

ಬಿಚ್ಚಿದ ಸೂಜಿಯನ್ನು ತ್ಯಾಜ್ಯದ ಡಬ್ಬಿಗೆ ಹಾಕಿದೆ. "ಹಾಕಲ್ಲ ಸಾರ್," ಎಂದೆ.

ಅವರು ಸೊನ್ನೆ ಬರೆದರು. ಬರೆಯುವಾಗ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ನಿಮ್ಮ ಕೈ ಚೆನ್ನಾಗಿದೆ ಮೇಡಂ. ಸುಮ್ನೆ ಹಠ ಮಾಡಿದ್ರಿ," ಎಂದು ಮುಂದಿನವರನ್ನು ಕರೆದರು.

ವಾಪಸು ಬರುವ ಬಸ್ಸು ಆಲೂರು ತಲುಪಿತು. ಚಪಾತಿ ಬಿಚ್ಚಿ ಅವಳಿಗೆ ಎರಡು ಕೊಟ್ಟೆ. ತಿನ್ನುತ್ತಾ ಅವಳೇ ಶುರು ಮಾಡಿದಳು.

"ನೀವು ಹಾಕ್ಬೋದಿತ್ತು. ನಾನು ಯಾರ್ಗೂ ಹೇಳ್ತಿರ್ಲಿಲ್ಲ."

"ಹುಣ್ಣಾಗಿದ್ರೆ?"

"ಆದ್ರೆ ನಿಮ್ ಹತ್ರನೇ ಬರ್ತಿದ್ದೆ."

"ಅದಕ್ಕೇ ಹಾಕ್ಲಿಲ್ಲ ಕಣೇ."

ಅವಳು ಇನ್ನೊಂದು ಚಪಾತಿ ಮುರಿದಳು. "ಆ ಸಾಮಿನ ಒಂದಿನ ನಮ್ ತೋಟಕ್ಕೆ ಕರ್ಕೊಂಡ್ ಬರ್ಬೇಕು ಅಮ್ಮೋರೆ. ಆ ಬಿಳೀ ಕೋಟಲ್ಲೇ. ಕಳೆ ತೆಗ್ಸಿ, ಸಂಜಿಕೆ ಕೇಳ್ಬೇಕು, ಗಾಯವೋ ಅಲ್ವೋ ಅಂತ."

ನಾನು ನಕ್ಕೆ. ಆ ದಿನ ನಕ್ಕದ್ದು ಅದೊಂದೇ ಸಲ.

ಫಲಿತಾಂಶ ಜುಲೈ ಕೊನೆಯಲ್ಲಿ ಬಂತು. ಲಿಖಿತದಲ್ಲಿ ನೂರಕ್ಕೆ ತೊಂಬತ್ತೊಂದು. ಪ್ರಾಯೋಗಿಕದಲ್ಲಿ ಎಂಬತ್ತಕ್ಕೆ ಅರವತ್ತೇಳು, ಬಲಗಾಲಿಗೆ ಸೊನ್ನೆ. ಎಪ್ಪತ್ತಕ್ಕೆ ಮೂರು ಕಡಿಮೆ. ಷರಾ ಅಂಕಣದಲ್ಲಿ "ಸೂಜಿ ಹಾಕಲು ಅಸಮರ್ಥರು" ಎಂದಿತ್ತು. ನಿರಾಕರಿಸಿದರು ಎಂದು ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅಸಮರ್ಥರು ಎಂಬ ಆ ನಾಲ್ಕೈದು ಅಕ್ಷರಗಳನ್ನು ನೋಡಿದ ಮೇಲೆ ಮೂರು ದಿನ ನಾನು ಮನೆಯಲ್ಲಿ ಪಾತ್ರೆಗಳನ್ನು ಇಡುತ್ತಿದ್ದ ರೀತಿಯೇ ಬದಲಾಯಿತೆಂದು ನನ್ನ ಗಂಡ ಆಮೇಲೆ ಹೇಳಿದರು.

ಆಗಸ್ಟ್ ಒಂದರಂದು ಕೋಣೆಯ ಮುಂದಿನ ಬೋರ್ಡು ಇಳಿಸಿದೆ. ಇಳಿಸಿದ್ದನ್ನು ಖುದ್ದಾಗಿ ಪರಿಶೀಲಿಸಲು ಆರೋಗ್ಯ ನಿರೀಕ್ಷಕರು ಬಂದರು. ಕತ್ತು ಮತ್ತೆ ಹಿಡಿದಿತ್ತು. ಬೋರ್ಡಿದ್ದ ಜಾಗವನ್ನು ನೋಡಲು ಇಡೀ ದೇಹವನ್ನೇ ತಿರುಗಿಸಿದರು. ಕರ್ತವ್ಯ ಮುಗಿಸಿ, ಹಾಗೆಯೇ ಇಡಿಯಾಗಿ ತಿರುಗಿ ಹೋದರು.

ಮಾದರಿಯಾಗಿ ಬಂದವಳೂ ಬಂದಳು, ಉಳಿದ ಕಾಲು ಭಾಗ ತೋಳನ್ನು ಮುಗಿಸಿಕೊಳ್ಳಲು. ಬಾಗಿಲಲ್ಲೇ ನಿಲ್ಲಿಸಿ ಆಗುವುದಿಲ್ಲ ಎಂದೆ.

"ಬಾಗ್ಲು ಹಾಕ್ಕೊಂಡು ಹಾಕಿ, ಯಾರ್ ನೋಡ್ತಾರೆ."

"ಬೇಡ ಕಣೇ."

"ಅಲ್ಲೂ ಹಾಕ್ಲಿಲ್ಲ, ಇಲ್ಲೂ ಹಾಕಲ್ಲ ಅಂತೀರ. ಮತ್ತೆ ಎಲ್ಲಿ ಹಾಕ್ತೀರ?"

ಹಾಕಬಾರದ ಕಡೆ ಹಾಕಲಿಲ್ಲವೆಂಬ ಕಾರಣಕ್ಕೆ, ಹಾಕಬೇಕಾದ ಕಡೆಯೂ ಹಾಕದಂತೆ ಮಾಡಿ ಕೂರಿಸಿದ್ದರು. ಅವಳ ಭುಜವನ್ನು ಬರಿಗೈಯಲ್ಲಿ ಹತ್ತು ನಿಮಿಷ ಒತ್ತಿ ಕಳಿಸಿದೆ. ಹೆಬ್ಬೆರಳಿಗೆ ಪ್ರಮಾಣಪತ್ರ ಬೇಕೆಂದು ಕಾಗದದಲ್ಲಿ ಇರಲಿಲ್ಲ. ಆದರೆ ಸೂಜಿಯಿಂದ ಬಿಡಿಸಬೇಕಾದ ಗಂಟು ಹೆಬ್ಬೆರಳಿಗೆ ಬಗ್ಗುವುದಿಲ್ಲ, ಅದು ಅವಳಿಗೂ ಗೊತ್ತು. ನವೆಂಬರ್ ಬಂತು. ಇಡೀ ಎಸ್ಟೇಟಿಗೆ ಮುಂದಿದ್ದವಳು ಎಡಗೈಯಲ್ಲಿ ಕುಯ್ಯುತ್ತಿದ್ದಾಳೆಂದು ಕೇಳಿದೆ.

ಅದೇ ವಾರ ಜನವರಿ ಪರೀಕ್ಷೆಯ ಅರ್ಜಿ ಕರೆದರು. ಅದರಲ್ಲೊಂದು ಹೊಸ ಅಂಕಣ: ಹಿಂದಿನ ಬಾರಿ ಅನುತ್ತೀರ್ಣರಾಗಲು ಕಾರಣ. ಬರೆಯಲು ಕೊಟ್ಟಿದ್ದು ಅರ್ಧ ಸಾಲು. ಕೆಳಗೆ, ಕಾರಣ ತೃಪ್ತಿಕರವಾಗಿಲ್ಲದಿದ್ದರೆ ಅರ್ಜಿಯನ್ನು ತಿರಸ್ಕರಿಸಲಾಗುವುದು ಎಂಬ ಸೂಚನೆ.

"ಅಭ್ಯಾಸದ ಕೊರತೆ ಅಂತ ಬರಿ," ಎಂದರು ನನ್ನ ಗಂಡ. "ಎಲ್ಲರೂ ಅದನ್ನೇ ಬರೆಯೋದು. ಅರ್ಧ ಸಾಲಿಗೆ ಸರಿಯಾಗಿ ಕೂರುತ್ತೆ."

"ನನಗೆ ಅಭ್ಯಾಸದ ಕೊರತೆನಾ?"

"ನಿನಗೆ ಇಲ್ಲ ಮಾರಾಯ್ತಿ. ಕಾಗದಕ್ಕೆ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದೋನು ಹೇಳ್ತಿದೀನಿ ಕೇಳು. ಜ್ವರ ಅಂತ ಬರೆದ್ರೆ ರಜೆ ಸಿಗ್ತಿತ್ತು, ದುಃಖ ಅಂತ ಬರೆದ್ರೆ ಸಿಗ್ತಿರ್ಲಿಲ್ಲ. ಅದಕ್ಕೆ ಎಲ್ಲರಿಗೂ ಜ್ವರ ಅಂತಾನೇ ಬರೀತಿದ್ದೆ."

ಅವರು ಹೇಳಿದ್ದು ಸುಳ್ಳಲ್ಲ. ಆ ಜ್ವರಗಳಿಂದ ಎಷ್ಟೋ ಜನರಿಗೆ ಉಪಕಾರವಾಗಿದೆ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಅಭ್ಯಾಸದ ಕೊರತೆ ಎಂದು ಬರೆದರೆ ಜನವರಿಯಲ್ಲಿ ಕಾಲುಗಳೆಲ್ಲ ಶುಭ್ರವಾಗಿರುತ್ತವೆ, ಚೀಟಿ ಯಾವುದೇ ಬರಲಿ ನಾನು ತೇರ್ಗಡೆಯಾಗುತ್ತೇನೆ, ಫೆಬ್ರವರಿಗೆ ಬೋರ್ಡು ಮೇಲೇರುತ್ತದೆ. ಮುಂದಿನ ಜುಲೈಯಲ್ಲಿ ಇನ್ಯಾರೋ ಒಬ್ಬರು ಹೆತ್ತೂರಿನಿಂದಲೋ ಅಂಥದೇ ಇನ್ನೊಂದು ಕಡೆಯಿಂದಲೋ ಒಂದು ಕಾಲನ್ನು ಕರೆದುಕೊಂಡು ಹೋಗುತ್ತಾರೆ. ಅವರಿಗೆ ಅರವತ್ತೊಂದಾಗಿರುವುದಿಲ್ಲ, ಇಪ್ಪತ್ತೈದಾಗಿರುತ್ತದೆ. ಚುಚ್ಚುತ್ತಾರೆ.

ಅರ್ಧ ಸಾಲಿನಲ್ಲಿ "ಪ್ರತ್ಯೇಕ ಹಾಳೆ ಲಗತ್ತಿಸಿದೆ" ಎಂದು ಬರೆದೆ. ಪ್ರತ್ಯೇಕ ಹಾಳೆಯಲ್ಲಿ ಇಂಬಳ ಎಂದರೇನು ಎಂಬಲ್ಲಿಂದ ಆರಂಭಿಸಿ, ಗಂಬೂಟಿನ ಎತ್ತರ, ಅರವತ್ತೆರಡನೇ ಪ್ರಶ್ನೆ, ಎಲ್ಲವನ್ನೂ ಕ್ರಮವಾಗಿ ನಿವೇದಿಸಿದೆ. ಘೋಷಣಾಪತ್ರದಲ್ಲಿ "ಇಲ್ಲ" ಎಂದು ಬರೆದದ್ದು ನನ್ನ ತಪ್ಪೆಂದು ಒಪ್ಪಿಕೊಂಡೆ. ಹೊರಗಿನವರ ಕಣ್ಣಿಗೆ ಅದು ಗಾಯವೇ, ನನಗೆ ಹೊಳೆಯಬೇಕಿತ್ತು. ಕೊನೆಯ ಸಾಲು ಹೀಗಿತ್ತು: "ಆ ಜಾಗಕ್ಕೆ ನಾನು ಸೂಜಿ ಹಾಕಲಿಲ್ಲ. ಜನವರಿಯಲ್ಲಿ ಹಾಗೆಯೇ ಕಂಡುಬಂದರೆ ಆಗಲೂ ಹಾಕುವುದಿಲ್ಲ."

ಗಂಡ ಎರಡು ಸಲ ಓದಿದರು. "ತಿರಸ್ಕಾರ ಮಾಡಿಬಿಟ್ರೆ?"

"ಮಾಡಲಿ."

"ಇಪ್ಪತ್ತಾರು ವರ್ಷ ಕಣೇ."

"ಗೊತ್ತು ಕಣ್ರೀ."

ಅವರು ಹಾಳೆಗಳಿಗೆ ಪುಟಸಂಖ್ಯೆ ಹಾಕಿ, ಗುಂಡುಪಿನ್ನು ಚುಚ್ಚಿ, ಛತ್ರಿ ತೆಗೆದುಕೊಂಡು ಅಂಚೆ ಕಚೇರಿಗೆ ಹೋದರು.

ಇದಾಗಿ ಐದು ವಾರ. ಮಂಡಳಿಯಿಂದ ಪ್ರವೇಶಪತ್ರವೂ ಬಂದಿಲ್ಲ, ತಿರಸ್ಕಾರವೂ ಬಂದಿಲ್ಲ. ಬೋರ್ಡು ಇಲ್ಲದ ಬಾಗಿಲಿಗೂ ಜನ ಬರುತ್ತಾರೆ. ಇವತ್ತು ಬೆಳಿಗ್ಗೆ ಪಾಳ್ಯದಿಂದ ಇಬ್ಬರು, ಬಾಳ್ಳುಪೇಟೆಯಿಂದ ಒಬ್ಬರು, ಸೊಂಟ, ಮಂಡಿ, ಮತ್ತೆ ಸೊಂಟ. ಕೂರಿಸಿ, ಕಾಫಿ ಕೊಟ್ಟು, ನನಗೆ ಸೂಜಿ ಹಾಕಲು ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಮೂವರಲ್ಲಿ ಒಬ್ಬರೂ ನಂಬಲಿಲ್ಲ.